ಮೊದಲ ರೋಜಾದ ದಿನ ಅಕ್ಕ ಉಂಡ ಗಂಜಿ

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ ಮೊದಲ ರೋಜಾ ಹಿಡಿಯುವುದೆಂದರೆ ಮನೆಮಂದಿಗೆಲ್ಲ ಸಂಭ್ರಮ. ರೋಜಾ ಎಂದರೆ ರಂಜಾನ್ ತಿಂಗಳ ಉಪವಾಸ. ನಸುಕಿನಲ್ಲಿ ಎದ್ದು ಉಂಡರೆ ಮತ್ತೆ ಸೂರ್ಯ ಮುಳುಗುವವರೆಗೆ ಅನ್ನವಿಲ್ಲ, ಗುಟುಕು ನೀರೂ ಇಲ್ಲ. ಸಣ್ಣ ಮಕ್ಕಳಿಗೆ ಇದು ಕಡ್ಡಾಯವಲ್ಲ. ಆದರೂ ಭಟ್ಕಳದ ಹತ್ತಿರದ ಜಾಲಿ ಎಂಬ ಊರಿನ ನಮ್ಮ ಕೇರಿಯಲ್ಲಿ ಎಂಟು ವರ್ಷದ ಹುಡುಗ ಒಂದು ದಿನ ಪೂರ್ತಿ ಹಿಡಿದನೆಂದರೆ, ಸಂಜೆ ಅವನ ಕೊರಳಿಗೆ ಮಲ್ಲಿಗೆ ಹಾರ ಬೀಳುತ್ತಿತ್ತು. ನೆರೆಯವರನ್ನು ಕರೆದು, ಎಲ್ಲರ ಎದುರು ಅಪ್ಪ ತಮ್ಮ ಕೈಯಿಂದಲೇ ಖರ್ಜೂರ ತಿನ್ನಿಸುತ್ತಿದ್ದರು. ನನಗೆ ಆ ಹಾರ ಬೇಕಿತ್ತು. ಆ ಖರ್ಜೂರವೂ ಬೇಕಿತ್ತು.

ಅಪ್ಪ ಭಟ್ಕಳದ ಪೇಟೆಯಲ್ಲಿ ದರ್ಜಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಂಜಾನಿನಲ್ಲಿ ಹಬ್ಬದ ಬಟ್ಟೆಯ ಕೆಲಸ ಮೈಮೇಲೆ ಬಿದ್ದಿರುತ್ತಿತ್ತು. ಆದರೂ ಹಿಂದಿನ ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದ್ದರು. "ರೋಜಾ ಹೊಟ್ಟೆದಷ್ಟೇ ಅಲ್ಲ ತಮಾ, ನಾಲಿಗೆದೂ ಹೌದು. ಸುಳ್ಳು ಹೇಳೂಕಿಲ್ಲ. ಒಬ್ಬರ ಮೇಲೆ ಚಾಡಿ ಹೇಳೂಕಿಲ್ಲ. ಆತಾ?" ನಾನು "ಆತು" ಎಂದೆ.

ಅಕ್ಕನಿಗೆ ಆಗ ಹದಿನೈದು ವರ್ಷ. ನನಗೆ ಹೆದರಿಕೆಯೆಂದು ಅವಳಿಗೆ ಗೊತ್ತಿತ್ತು. "ನೀನೂ ಇರ್ತೀಯಲ್ಲ ನನ್ನ ಜೊತೆ?" ಎಂದು ಕೇಳಿದ್ದಕ್ಕೆ, "ಹೂಂ ಮಾರಾಯಾ, ಇರ್ತೆ. ನೀನು ರೋಜಾ ಬಿಟ್ಟಾಗಲೇ ನಾನೂ ಬಿಡ್ತೆ" ಎಂದಳು. ನಸುಕಿನಲ್ಲಿ ಅವಳೇ ಎಬ್ಬಿಸಿದಳು, ಅವಳೇ ಮೊಸರನ್ನ ಕಲಸಿ ಕೊಟ್ಟಳು, ನನ್ನ ಎದುರು ಕುಳಿತು ತಾನೂ ಉಂಡಳು.

ಬೆಳಗು ಸುಲಭವಾಗಿಯೇ ಕಳೆಯಿತು. ಹಿತ್ತಿಲ ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ಹೂವು ಕೊಯ್ಯುತ್ತಿದ್ದಳು. ನಾನು ರೋಜಾ ಎಂದು ಕೇಳಿ ಕಣ್ಣರಳಿಸಿದಳು. "ನೀರೂ ಕುಡೂಕಿಲ್ವನಾ? ಎಂತ ಕಷ್ಟವಾ ನಿಂದು! ನಮ್ಮ ಏಕಾದಶಿಯೇ ಚಲೋ, ಅವಲಕ್ಕಿಗೆ ಅಡ್ಡಿಲ್ಲೆ." ಸಂಜೆಯ ಹಾರಕ್ಕೆಂದು ಒಂದು ಮಡಿಲು ಮಲ್ಲಿಗೆ ಮೊಗ್ಗು ಅಮ್ಮನಿಗೆ ಕೊಟ್ಟುಹೋದಳು.

ಮಧ್ಯಾಹ್ನವಾಗುತ್ತಲೇ ಸೆಕೆ ಏರಿತು. ಕಡಲ ಕಡೆಯಿಂದ ಗಾಳಿ ಸುಳಿಯಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಬಾವಿಯ ರಾಟೆ ಕಿರ್ ಎಂದರೂ ನನ್ನ ಗಂಟಲು ತಾನಾಗಿ ನುಂಗುತ್ತಿತ್ತು. ಅಕ್ಕ ನೆಲಕ್ಕೆ ನೀರು ಚಿಮುಕಿಸಿ, ನನ್ನನ್ನು ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದಳು. "ನಂಗೂ ಬಾಯಿ ಒಣಗಿತು ನೋಡು" ಎಂದು ತುಟಿ ತೋರಿಸಿದಳು. ಅವಳೂ ಒಣಗುತ್ತಿದ್ದಾಳೆಂಬ ಧೈರ್ಯದಲ್ಲಿ ನಾನು ನಿದ್ದೆ ಹೋದೆ.

ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ಇನ್ನೆಷ್ಟು ಹೊತ್ತು ಬಾಕಿಯಿದೆ ಎಂದು ಕೇಳೋಣವೆಂದು ಅಕ್ಕನನ್ನು ಹುಡುಕುತ್ತ ಹಿತ್ತಿಲಿಗೆ ಹೋದೆ. ಕಟ್ಟಿಗೆ ಕೊಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮಾವಿನ ಉಪ್ಪಿನಕಾಯಿಯ ವಾಸನೆ ಬಂತು. ಇಣುಕಿದೆ. ಅಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಬೆನ್ನು ಬಾಗಿಸಿ, ತಟ್ಟೆಯಿಂದ ಗಂಜಿ ಉಣ್ಣುತ್ತಿದ್ದಳು. ಪಕ್ಕದಲ್ಲಿ ಅಮ್ಮ ಕಾವಲು ನಿಂತಂತೆ ನಿಂತಿದ್ದಳು. "ಬೇಗ ತಿನ್ನೆ. ಅಂವ ಎದ್ದುಗಿದ್ದು ಬಂದಾನು" ಎನ್ನುತ್ತಿದ್ದಳು.

ಆ 'ಅಂವ' ನಾನೇ.

ಮಕ್ಕಳೇ, ಹಸಿವಿಗಿಂತ ದೊಡ್ಡ ಸಂಕಟ ಯಾವುದೆಂದು ನನಗೆ ಆ ಬಾಗಿಲಲ್ಲಿ ಗೊತ್ತಾಯಿತು. ಅವರಿಬ್ಬರೂ ಒಂದಾಗಿದ್ದರು. ನಾನೊಬ್ಬ ಹೊರಗಿದ್ದೆ. ಬಂದ ಹೆಜ್ಜೆಯಲ್ಲೇ ಹಿಂದೆ ಬಂದು ಚಾಪೆಯ ಮೇಲೆ ಬಿದ್ದುಕೊಂಡೆ. ಆಮೇಲೆ ನೀರಡಿಕೆಯೂ ಆಗಲಿಲ್ಲ. ಸಿಟ್ಟೇ ನನ್ನನ್ನು ಸಂಜೆಯವರೆಗೆ ಎಳೆದುಕೊಂಡು ಹೋಯಿತು.

ಸಂಜೆ ಚಾವಡಿಯಲ್ಲಿ ಚಾಪೆ ಹಾಸಿದರು. ಚಿಕ್ಕಪ್ಪ ಬಂದರು, ಕೇರಿಯ ನಾಲ್ಕು ಮಂದಿ ಗಂಡಸರು ಬಂದರು. ಕಾಮಕಸ್ತೂರಿ ಬೀಜ ಹಾಕಿದ ಶರಬತ್ತು, ಕರಿದ ಸಮೋಸಾ, ಹೆಚ್ಚಿದ ಹಣ್ಣು. ನನ್ನ ಕೊರಳಿಗೆ ಹಾರ ಬಿತ್ತು. ಮಸೀದಿಯಿಂದ ಅಜಾನ್ ಕೇಳುತ್ತಲೇ ಅಪ್ಪ ನನ್ನ ಬಾಯಿಗೆ ಖರ್ಜೂರ ಇಟ್ಟರು. "ಶಾಬಾಸ್, ಗಂಡಾದೆ!" ಎಂದು ಚಿಕ್ಕಪ್ಪ ಬೆನ್ನು ತಟ್ಟಿದರು. ಅಪ್ಪ ಅಂದು ಎಂದೂ ಇಲ್ಲದಷ್ಟು ಖುಷಿಯಲ್ಲಿದ್ದರು. ಶರಬತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೂ ಒಂದು ಖರ್ಜೂರ ಚಾಚಿ, "ತಮ್ಮನ ಜೊತೆ ಹಿಡಿದವಳು ನೀನು, ತಗೋ ಮಗಾ" ಎಂದರು.

"ಅವಳಿಗೆ ಕೊಡಬೇಡಿ" ಎಂದೆ. "ಅವಳದು ಸುಳ್ಳು ರೋಜಾ. ಮಧ್ಯಾಹ್ನ ಕೊಟ್ಟಿಗೆಯಲ್ಲಿ ಗಂಜಿ ಉಂಡಿದ್ದಾಳೆ. ನಾನೇ ನೋಡಿದ್ದೇನೆ."

ಚಿಕ್ಕಪ್ಪ ತಮ್ಮ ಲೋಟದೊಳಗೆ ಎಂತದೋ ಬಿದ್ದಿದೆ ಎಂಬಂತೆ ನೋಡತೊಡಗಿದರು. ಅಪ್ಪನ ಕೈ ಅಲ್ಲೇ ನಿಂತಿತು. ನಂತರ ಅವರು ಖರ್ಜೂರವನ್ನು ಮೆಲ್ಲಗೆ ಬಟ್ಟಲಿಗೆ ಹಾಕಿ, "ತಿನ್ನಿ, ಎಲ್ಲರೂ ತಿನ್ನಿ" ಎಂದರು. ಅಕ್ಕನ ಮುಖ ಕಿವಿಯವರೆಗೆ ಕೆಂಪಾಗಿತ್ತು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ನಿಜ ಹೇಳಿದವನಿಗೆ ಮೆಚ್ಚುಗೆ ಸಿಕ್ಕೀತೆಂದು ನಾನು ಕಾದೆ. ಸಿಕ್ಕಿದ್ದು ಅಡುಗೆಮನೆಯಲ್ಲಿ ಅಮ್ಮನ ಚಿವುಟು. "ನಾ ಸುಳ್ಳು ಹೇಳಿದ್ನಾ?" ಎಂದು ಅಳತೊಡಗಿದೆ. "ಸುಳ್ಳಲ್ಲ. ಬಾಯಿ ಮುಚ್ಚು" ಎಂದಳು ಅಮ್ಮ. ಸುಳ್ಳಲ್ಲದಿದ್ದರೆ ಬಾಯಿ ಯಾಕೆ ಮುಚ್ಚಬೇಕು? ಅದನ್ನು ಯಾರೂ ಹೇಳಲಿಲ್ಲ. ಆ ತಿಂಗಳು ಮುಗಿಯುವವರೆಗೆ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಎರಡು ವರ್ಷಕ್ಕೆ ಅವಳು ಮದುವೆಯಾಗಿ ಹೊನ್ನಾವರಕ್ಕೆ ಹೋದಳು. ಅಕ್ಕ ಸುಳ್ಳಿ ಎಂಬ ಮಾತು ಮಾತ್ರ ನನ್ನೊಳಗೆ ಉಳಿಯಿತು.

ಮುಂದೆ ನಾನು ಕುಮಟೆಯ ಕಾಲೇಜಿಗೆ ಸೇರಿದೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಬೆಳಿಗ್ಗೆ ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚಿ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವನು. ಈ ಮಾತು ಹೇಳಲು ನನಗೆ ಇಂದಿಗೂ ಸಂಕೋಚವಿಲ್ಲ. ಅಲ್ಲಿನ ಗ್ರಂಥಾಲಯದಲ್ಲಿ ಒಂದು ದಿನ ಉಪವಾಸದ ನಿಯಮಗಳ ಪುಸ್ತಕ ಕೈಗೆ ಬಂತು. ಯಾರು ರೋಜಾ ಹಿಡಿಯಬೇಕಿಲ್ಲ ಎಂದು ಅದರಲ್ಲಿತ್ತು. ಕಾಯಿಲೆಯವರು, ದೂರದ ಪ್ರಯಾಣದಲ್ಲಿರುವವರು, ಬಸುರಿಯರು. ಮುಟ್ಟಿನ ದಿನಗಳಲ್ಲಿರುವ ಹೆಂಗಸರು ಆ ದಿನಗಳಲ್ಲಿ ಹಿಡಿಯುವಂತೆಯೇ ಇಲ್ಲ, ಬಿಟ್ಟುಹೋದ ದಿನಗಳನ್ನು ರಂಜಾನ್ ಕಳೆದ ಮೇಲೆ ಹಿಡಿದು ತುಂಬಿಸಿದರಾಯಿತು. ನಿಂತಲ್ಲೇ ಆ ಸಾಲನ್ನು ಮೂರು ಸಲ ಓದಿದೆ.

ಅಂದರೆ ಅಕ್ಕ ಉಂಡದ್ದು ತಪ್ಪಾಗಿರಲಿಲ್ಲ. ಗಂಡಸರಿಗೆ ತಿಳಿಯಬಾರದೆಂದು ಅಡಗಿ ಉಣ್ಣಬೇಕಾಗಿತ್ತು, ಅಷ್ಟೇ. ಏಳುವ ಅಗತ್ಯವೇ ಇಲ್ಲದ ನಸುಕಿನಲ್ಲಿ ಅವಳು ಎದ್ದದ್ದು ನನಗಾಗಿ. ಅವಳ ಗುಟ್ಟನ್ನು ಐದು ಜನ ಗಂಡಸರೆದುರು, ಅವಳ ಅಪ್ಪನೆದುರು ಬಿಚ್ಚಿಟ್ಟವನು ನಾನು.

ಮರುದಿನ ಕಾಲೇಜು ತಪ್ಪಿಸಿ ಹೊನ್ನಾವರದಲ್ಲಿ ಇಳಿದೆ. ಅಕ್ಕ ಮೀನು ಹೆಚ್ಚುತ್ತಿದ್ದಳು. ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿ ಜೋರಾಗಿ ನಕ್ಕಳು. "ಇಷ್ಟು ತಿಳೂಕೆ ನಿಂಗೆ ಬಿ.ಎ. ಕ್ಲಾಸೇ ಬೇಕಾತಾ?"

"ಆವತ್ತೇ ನೀನು ಹೇಳಬಹುದಿತ್ತಲ್ಲ ಅಕ್ಕಾ?"

"ಯಾರು ಹೇಳೂಕೆ ಬಿಟ್ರು? ನಂಗೇ ಅಮ್ಮ ಹೇಳಿದ್ದು ಕಿವಿಯಲ್ಲಿ." ಅವಳ ನಗು ಅಲ್ಲಿಗೆ ನಿಂತಿತು. ಕತ್ತಿ ಕೆಳಗಿಟ್ಟಳು. "ಆದ್ರೂ ಅಪ್ಪನ ಎದುರಿಗೆ ನೀ ಹಂಗೆ ಹೇಳಬಾರದಿತ್ತು ತಮಾ. ಆಮೇಲೆ ಅಪ್ಪ ನನ್ನ ಮುಖ ನೋಡಿ ಮಾತಾಡೂದೇ ಬಿಟ್ರು."

ನಮ್ಮ ದೊಡ್ಡವರು ಕೆಟ್ಟವರಲ್ಲ. ಹೇಳಬೇಕಾದ ಒಂದು ಮಾತನ್ನು ನಾಚಿಕೆಯಿಂದ ನುಂಗಿಕೊಂಡರು, ಅದರಿಂದ ನಾವಿಬ್ಬರೂ ಮೋಸಹೋದೆವು.

ಈ ವರ್ಷದ ರಂಜಾನಿನ ಒಂದು ಬೆಳಿಗ್ಗೆ ನಾನು ಇಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ನಿಮ್ಮಲ್ಲಿ ದೊಡ್ಡವಳು ಬಂದು, "ಅಜ್ಜಾ, ನಂಗೆ ಮುಟ್ಟು, ಈ ವಾರ ರೋಜಾ ಇಲ್ಲ" ಎಂದು ಹೇಳಿ, ಮೇಜಿನ ಎದುರು ಕುಳಿತು ದೋಸೆ ತಿಂದಳು. ಅವಳ ಅಪ್ಪನೇ ಚಟ್ನಿ ಬಡಿಸಿದ. ಮೊದಲ ರೋಜಾ ಹಿಡಿದಿದ್ದ ಚಿಕ್ಕವನು ಅಲ್ಲೇ ಇದ್ದ. "ದೋಸೆ ವಾಸನೆ ಈ ಕಡೆ ಕಳಿಸಬೇಡ ಮಾರಾಯ್ತಿ, ನಂಗೆ ಹಸಿವಾಗ್ತದೆ" ಎಂದು ಮೂಗು ಮುಚ್ಚಿಕೊಂಡು ಆಟಕ್ಕೆ ಓಡಿದ. ಅವನಿಗೆ ಅದು ಅಷ್ಟೇ ಸಂಗತಿ.

ನಾನು ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಓದುತ್ತಿದ್ದೇನೆಂದು ನೀವು ತಿಳಿದಿರಿ. ನನಗೆ ನಿಮ್ಮಿಬ್ಬರ ಮೇಲೆ ಹೊಟ್ಟೆಕಿಚ್ಚಾಗಿತ್ತು.