ಒಳಗಿನಿಂದ ಬಾಗಿಲು ಬಡಿಯುವವರ ಅಕ್ಕ

ಅಕ್ಕನವರ ನಿವೃತ್ತಿ ಇನ್ನೇನು ಬಂತು ಎನ್ನುವಾಗ ಅವರ ತಮ್ಮ ತೀರಿಹೋದ ಸುದ್ದಿ ತಿಳಿಯಿತು. ಆ ತಮ್ಮ ಬಹಳ ಹಿಂದೆಯೇ ಉಗ್ರರ ಗುಂಪು ಸೇರಿ ಮನೆಗೆ ಎರವಾಗಿದ್ದವನು. ಅದೇ ಗುಂಪಿನಿಂದ ತಪ್ಪಿಸಿಕೊಂಡು ಬಂದವನೊಬ್ಬ ಚಹಾದ ಲೋಟ ಕೆಳಗಿಟ್ಟು, ತಲೆ ಎತ್ತದೆ ವಿಷಯ ತಿಳಿಸಿದ. ಅಕ್ಕನವರು ಕೇಳಿದ್ದು ಒಂದೇ ಮಾತು: "ಬಿಟ್ಟು ಹೊರಟಿದ್ನಾ, ಇಲ್ಲಾ ಅಲ್ಲೇ ಇದ್ನಾ?"

ಅಂಥ ಗುಂಪುಗಳನ್ನು ತೊರೆದವರನ್ನು ಮತ್ತೆ ಬದುಕಿಗೆ ಹಚ್ಚುವ ಕೆಲಸದಲ್ಲಿ ಅಕ್ಕನವರಷ್ಟು ಕಾಲ ನಿಂತವರು ವಿರಳ. ತಮ್ಮನು ಮನೆ ಬಿಟ್ಟುಹೋದ ಮರುವರ್ಷ ಶಾಲೆಯ ಕೆಲಸ ಬಿಟ್ಟು ಪುನರ್ವಸತಿ ಕೇಂದ್ರ ಸೇರಿದರು. ಜನ ಏಕೆ ಸೇರುತ್ತಾರೆಂದು ವಿದ್ವಾಂಸರು ಗ್ರಂಥಗಳನ್ನೇ ಬರೆದಿದ್ದಾರೆ. ಏಕೆ ಬಿಡುತ್ತಾರೆಂಬುದನ್ನು ಇವರು ಕೇಂದ್ರದ ಅಡುಗೆಮನೆಯಲ್ಲಿ, ಬಂದವರೊಂದಿಗೆ ತರಕಾರಿ ಹೆಚ್ಚುತ್ತ ಕೇಳಿಸಿಕೊಂಡರು. ಒಬ್ಬನಿಗೆ ನಾಯಕನ ಮಗ ಪರದೇಶದಲ್ಲಿ ಓದುತ್ತಿರುವುದು ತಿಳಿದಿತ್ತು. ಇನ್ನೊಬ್ಬನ ಗೆಳೆಯನನ್ನು ಬರೀ ಅನುಮಾನಕ್ಕೆ ಗುಂಪೇ ಕೊಂದಿತ್ತು. ಮತ್ತೊಬ್ಬಳು ಹೇಳಿದ್ದು ಇಷ್ಟೇ: "ಸುಸ್ತಾಯ್ತಕ್ಕ. ಯಾರ ಮೇಲೂ ಸಿಟ್ಟೇ ಉಳೀಲಿಲ್ಲ."

ಬಂದವರಿಗೆ ಮೊದಲ ದಿನವೇ ಅವರವರ ಕೋಣೆಯ ಕೀಲಿಕೈ ಕೊಡುವ ಪದ್ಧತಿ ತಂದವರೂ ಅವರೇ. ಮೇಲಧಿಕಾರಿಗಳು ಹೌಹಾರಿದರೂ ಅವರು ಜಗ್ಗಲಿಲ್ಲ. ಆದರೆ ಬಂದವರೆಲ್ಲ ಒಂದೇ ತಪ್ಪು ಮಾಡುತ್ತಿದ್ದರು: ಕೀಲಿಕೈ ಕಿಸೆಯಲ್ಲಿದ್ದರೂ, ಹೊರಬರಲು ಅಪ್ಪಣೆ ಬೇಡುತ್ತ ಬೆಳಿಗ್ಗೆ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಅಕ್ಕನವರು ತೆರೆಯುತ್ತಿರಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು, "ಮಹಾರಾಯ, ಬೀಗ ನಿನ್ನ ಕಡೆಗೇ ಇದೆ. ತಿಂಡಿ ಆರಿಹೋಗ್ತಿದೆ, ಬಾ" ಎನ್ನುತ್ತಿದ್ದರು. ಬಡಿತ ನಿಂತ ಮೇಲೆ ಕೀಲಿ ತಿರುಗುವ ಸದ್ದಿಗಾಗಿ ಅವರು ಕಿವಿಗೊಟ್ಟು ಕೂರುತ್ತಿದ್ದುದನ್ನು ಕಂಡವರಿಗೆ, ಅವರು ಕಾಯುತ್ತಿರುವುದು ಆ ಒಂದು ಬಾಗಿಲಿಗಷ್ಟೇ ಅಲ್ಲವೆಂದು ತಿಳಿಯುತ್ತಿತ್ತು. ಮೂಲೆಯ ಕೋಣೆಯ ಕೀಲಿಕೈಯನ್ನು ಮಾತ್ರ ಅವರು ಯಾರಿಗೂ ಕೊಟ್ಟವರಲ್ಲ.

"ಹೊರಟಿದ್ದ ಅಕ್ಕ," ಎಂದ ಸುದ್ದಿ ತಂದವನು. "ಇಬ್ರೂ ಒಟ್ಟಿಗೇ ಹೊರಟ್ವಿ. ದಾರೀಲಿ ಜ್ವರ ಹಿಡೀತು. ಮತ್ತೆ ಏಳಲೇ ಇಲ್ಲ."

"ಯಾಕೆ ಹೊರಟ?"

"ಮೊದಲೇ ಬಿಟ್ಟುಬಂದವನೊಬ್ಬ ಫೋನಲ್ಲಿ ಹೇಳಿದ್ದ, ಇಲ್ಲೊಬ್ಬರು ಬಾಗಿಲು ಬಡಿದ್ರೂ ತೆಗೆಯಲ್ಲ, ಹೊರಗೆ ಕೂತ್ಕೊಂಡು ಬೈತಾರೆ ಅಂತ. ನಿಮ್ಮ ತಮ್ಮನಿಗೆ ನಗು ಬಂತು. 'ಅದು ನಮ್ಮಕ್ಕನೇ ಕಣೋ. ಚಿಕ್ಕವನಿದ್ದಾಗ ಬಚ್ಚಲ ಚಿಲಕ ತೆಗೆಯೋಕೆ ಬರದೆ ಅತ್ರೆ, ಹೊರಗೆ ಕೂತು ಹಿಂಗೇ ಬೈತಿದ್ಲು' ಅಂದ. ಮಾರನೇ ದಿನವೇ ಹೊರಟ್ವಿ."

ಅಕ್ಕನವರು ಎದ್ದುಹೋಗಿ ಮೂಲೆಯ ಕೋಣೆಯ ಕೀಲಿಕೈ ತಂದು ಅವನ ಅಂಗೈಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಅವನೂ ಬಾಗಿಲು ಬಡಿದ. ಅವರು ಕುರ್ಚಿ ಎಳೆದುಕೊಂಡು ಕುಳಿತರು. "ಬೀಗ ನಿನ್ನ ಕಡೆಗೇ ಇದೆ, ತಮ್ಮಾ" ಎಂದರು.

ನಿವೃತ್ತಿಯ ನಂತರವೂ ಆ ಕುರ್ಚಿ ಅವರದೇ. ಅದರಲ್ಲಿ ಬಹುಕಾಲ ಕುಳಿತಿರುವಷ್ಟು ಆಯುಷ್ಯ, ಆರೋಗ್ಯಗಳನ್ನು ದೇವರು ಅಕ್ಕನವರಿಗೆ ಕೊಡಲಿ. ಮನೆಯ ಕಡೆ ಮುಖ ಮಾಡಿ ದಾರಿಯಲ್ಲೇ ಉಳಿದ ಆ ಜೀವಕ್ಕೆ, ಬಡಿಯುವ ಮೊದಲೇ ತನ್ನ ಬಾಗಿಲು ತೆರೆದು, ಶಾಂತಿಯನ್ನು ಕರುಣಿಸಲಿ.