ಎರಡೂ ಸಮ

ಹೊಸಪೇಟೆಯ ಗುಜರಿ ಅಂಗಡಿಗೆ ನಾನು ಹೋಗಿದ್ದು ಕಿಟಕಿಯ ಸರಳು ಹುಡುಕಿಕೊಂಡು. ಅಂಗಡಿಯವನು ಯಾರಿಗೋ ತೋರಿಸಲೆಂದು ಹಳೆಯ ಸ್ಟೆಬಿಲೈಜರ್ ಒಂದನ್ನು ಚಾಲೂ ಮಾಡಿದ. ಅದರ ಹೊಟ್ಟೆಯಿಂದ ಕಾದ ಧೂಳು, ವಾರ್ನಿಷ್, ಸ್ವಲ್ಪ ಸುಟ್ಟ ನೂಲು ಸೇರಿದಂಥ ವಾಸನೆ ಎದ್ದಿತು. ಆ ಕ್ಷಣವೇ ಕೊಟ್ಟೂರಿನ ಮಹಡಿ ಕೋಣೆ ಕಣ್ಣೆದುರು ನಿಂತಿತು ಎಂದು ಬರೆಯಬಹುದು. ಹಾಗೆ ಬರೆಯುವುದು ಬರೆಯುವವರಿಗೆ ಅನುಕೂಲ. ಆದರೆ ಏನೂ ನಿಲ್ಲಲಿಲ್ಲ. ಸರಳಿನ ಚೌಕಾಸಿ ಮುಗಿಸಿ, ಬಸ್ಸು ಹತ್ತಿ, ಮರಿಯಮ್ಮನಹಳ್ಳಿ ದಾಟಿ ಕಣ್ಣು ಎಳೆಯುತ್ತಿದ್ದಾಗ, ಇದ್ದಕ್ಕಿದ್ದಂತೆ, ಪರದೆಯತ್ತ ಬಾಗಿ ಕೂತ ಒಂದು ಬೆನ್ನು ಕಂಡಿತು. ನಮ್ಮ ಕಂಪ್ಯೂಟರ್ ಮೇಡಂ ಅವರದು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಟ್ಟೂರಿನ ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆಯ ತರಬೇತಿ ಕೇಂದ್ರವಿತ್ತು. ಒಂದು ಕೋಣೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಇನ್ನೊಂದರಲ್ಲಿ ಒಂದೇ ಒಂದು ಕಂಪ್ಯೂಟರ್, ಅದಕ್ಕೊಂದು ಸ್ಟೆಬಿಲೈಜರ್, ಮತ್ತು ಮೇಡಂ. ಅವರು ಅರಸೀಕೆರೆಯ ಕಡೆಯವರು, ರೈಲು ಜಂಕ್ಷನ್ನಿನ ಅರಸೀಕೆರೆಯಲ್ಲ, ನಮ್ಮ ಸೀಮೆಯದೇ. ಕೆಳಗಿನ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ವಯಸ್ಸು ನನ್ನದೇ ಇದ್ದೀತು. ಅವರ ಮುಖ ಈಗ ನನಗೆ ಪೂರ್ತಿ ಬರುವುದಿಲ್ಲ. ಬೆನ್ನು ಮಾತ್ರ ಬರುತ್ತದೆ...

ಅವರಲ್ಲಿ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಲೆಕ್ಕ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಒಬ್ಬಳು ಪ್ರಿಂಟ್ ಎಂದು ಆಜ್ಞೆ ಕೊಟ್ಟು, ಉತ್ತರ ಪರದೆಯ ಮೇಲೆ ಬಂದಿದ್ದರೂ, ಎಲ್ಲಿಂದಲೋ ಹಾಳೆ ಹೊರಬರಬೇಕಲ್ಲ ಎಂದು ತಾಸುಗಟ್ಟಲೆ ಕಾದಿದ್ದಳು. ಅವತ್ತೇ ಮೇಡಂ ಕನ್ನಡದ ಮಾತುಗಳಲ್ಲಿ ಪ್ರೋಗ್ರಾಂ ಬರೆಯುವ ಒಂದು ಪುಟ್ಟ ಭಾಷೆ ಕಟ್ಟಲು ಶುರು ಮಾಡಿದರು. ಬರೆದದ್ದನ್ನು ಯಂತ್ರ ನಡೆಸಬಲ್ಲ ಸಣ್ಣ ಸಣ್ಣ ಆಜ್ಞೆಗಳಾಗಿ ಒಡೆದುಕೊಡುವ ಕಂಪೈಲರನ್ನೂ ಅವರೇ ಬರೆಯಬೇಕಿತ್ತು. ಆಗ ಕನ್ನಡ ಲಿಪಿ ಆ ಯಂತ್ರದಲ್ಲಿ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಕನ್ನಡ ಮಾತು.

"ಸರ, ನೀವು ಏನೇನೋ ಬರೀತೀರಂತಲ್ಲ. 'ಇಫ್'ಗೆ ಒಂದು ಮಾತು ಕೊಡ್ರಿ" ಎಂದರು ಒಂದು ದಿನ.

ನಾನು ಗಂಭೀರವಾಗಿ ಯೋಚಿಸಿ "ಒಂದು ವೇಳೆ" ಎಂದೆ.

"ಭಾಳ ಉದ್ದ ಆತು. ಮನ್ಯಾಗ ಹೆಂಗಂತೀರಿ?"

"ಇದ್ರ... ಇಲ್ಲಂದ್ರ..."

"ಮತ್ತ! ಅದನ್ನ ಬಿಟ್ಟು ಎಲ್ಲಿಗೆ ಹೋಗಿದ್ರಿ?"

ಕೊನೆಗೆ 'ಇದ್ದರೆ' ಎಂದರೂ 'ಇದ್ರ' ಎಂದರೂ ಅರ್ಥ ಮಾಡಿಕೊಳ್ಳುವಂತೆ ಕಂಪೈಲರನ್ನು ತಿದ್ದಿದರು. ಪುಸ್ತಕದ ಕನ್ನಡಕ್ಕೂ ಓಣಿಯ ಕನ್ನಡಕ್ಕೂ ಒಂದೇ ಬೆಲೆ ಕೊಟ್ಟ ಮತ್ತೊಂದು ಜಾಗ ನನಗೆ ಆ ಕಾಲದಲ್ಲಿ ಗೊತ್ತಿರಲಿಲ್ಲ.

ಕೇಂದ್ರದ ಕಾರ್ಯದರ್ಶಿಗೆ ಇದೆಲ್ಲ ಅಷ್ಟಕ್ಕಷ್ಟೇ. ಮಂಡಕ್ಕಿ ವ್ಯಾಪಾರದ ಮನುಷ್ಯ, ಒಳ್ಳೆಯವರು, ಯಂತ್ರ ಸುಮ್ಮನೆ ಕೂತರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಪ್ರಿಂಟರನ್ನೂ ಕನ್ನಡ ಅಕ್ಷರಗಳನ್ನೂ ತರಿಸಿ, ಲಗ್ನಪತ್ರಿಕೆ ಅಚ್ಚು ಮಾಡುವ ಕೆಲಸಕ್ಕೆ ಅದನ್ನು ಕೂರಿಸಬೇಕೆಂಬ ಆಸೆ. ಭಾಷೆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡರೆ ಹುಡುಗಿಯರಿಗೆ ಕನ್ನಡದ ಬ್ಯಾಚ್, ಇಲ್ಲದಿದ್ದರೆ ಲಗ್ನಪತ್ರಿಕೆ ಎಂದು ಮಾತಾಗಿತ್ತು.

ಅವರು ಬಂದ ದಿನ ಮೇಡಂ ಒಂದು ಪುಟ್ಟ ಪ್ರೋಗ್ರಾಂ ತೋರಿಸಿದರು. ಎರಡು ಸಂಖ್ಯೆ ಕೊಟ್ಟರೆ ಅವು ಸಮವೋ ಅಲ್ಲವೋ ಹೇಳಬೇಕು. ಕಾರ್ಯದರ್ಶಿ ಒಂದೇ ಬೆರಳಿನಿಂದ ತಮ್ಮ ವಯಸ್ಸು ಒತ್ತಿದರು, ಆಮೇಲೆ ಹೆಂಡತಿಯ ವಯಸ್ಸು. 'ಎರಡೂ ಸಮ' ಎಂದಿತು ಪರದೆ.

"ನಮ್ಮನಿಯಾಕಿ ಇದನ್ನ ನೋಡಿದ್ರ ನಂದು ಮುಗೀತು ಕಥಿ" ಎಂದು ನಕ್ಕರು. ಮತ್ತೆ ತಮ್ಮ ತೂಕ, ಮಂಡಕ್ಕಿ ಚೀಲದ ತೂಕ. 'ಎರಡೂ ಸಮ'. ಒಂದು, ನೂರು. 'ಎರಡೂ ಸಮ'.

"ಭೇದಭಾವ ಇಲ್ಲದ ಮಷೀನ್ ಐತಿ ಬಿಡ್ರಿ. ಸನ್ಯಾಸಿ ಆಗೈತಿ" ಎಂದು ಎದ್ದರು. ಮೆಟ್ಟಿಲ ಬಳಿ ನಿಂತು, ನಗು ನಿಲ್ಲಿಸಿ, "ಮುಂದಿನ ಸಂತಿ ದಿನ ಬರ್ತೀನಿ ಮೇಡಂ. ಆಗ್ಲೂ ಹಿಂಗ ಅಂದ್ರ ನಂಗ ಏನೂ ಮಾಡಾಕ ಬರಲ್ಲ. ಲಗ್ನದ ಸೀಸನ್ ಐತಿ" ಎಂದರು.

ಮೇಡಂ ಅಳುತ್ತಾರೇನೋ ಅಂದುಕೊಂಡೆ. ಅವರು ಆಗಲೇ ಪರದೆಯ ಕಡೆ ತಿರುಗಿದ್ದರು. "ನಿನ್ನೆ ಹತ್ತು ಮತ್ತ ಹತ್ತು ಹಾಕಿ ನೋಡಿದ್ದೆ ಸರ. ಸಮ ಅಂತ ಅಂದಿತ್ತು. ನಾನೂ ನಂಬಿಬಿಟ್ಟೆ" ಎಂದರು.

ಏನಾಗಿತ್ತೆಂದು ಅವರು ನನಗೆ ವಿವರಿಸಿದ ರೀತಿಯಲ್ಲೇ ಹೇಳುತ್ತೇನೆ. ಯಂತ್ರದೊಳಗೆ ಗೋಡೆಯ ಗೂಡುಗಳಂತೆ ಕೆಲವೇ ಜಾಗಗಳಿರುತ್ತವೆ. ಸಂಖ್ಯೆಗಳನ್ನು ಅಲ್ಲಿಟ್ಟು ಲೆಕ್ಕ ಮಾಡಬೇಕು. ಒಂದು ಲೆಕ್ಕದ ಉಳಿಕೆ ಗೂಡಿನಲ್ಲೇ ಉಳಿದುಬಿಟ್ಟರೆ ಮುಂದಿನ ಭಾಗಾಕಾರ ಕೆಡುತ್ತದೆ. ಹಾಗೆ ಕೆಟ್ಟದ್ದನ್ನು ನೋಡಿ, ಮೇಡಂ ಎರಡು ದಿನದ ಹಿಂದೆ ಕಂಪೈಲರಿಗೆ ಒಂದು ಅಭ್ಯಾಸ ಕಲಿಸಿದ್ದರು. ಪ್ರತಿ ಕೆಲಸ ಮುಗಿದ ಕೂಡಲೇ ಗೂಡು ಗುಡಿಸಿ ಸೊನ್ನೆ ಮಾಡಿ ಇಡುವುದು. ನಮ್ಮ ಕಡೆಯ ಯಾವ ಮನೆಮಗಳಾದರೂ ಹಾಗೆಯೇ ಮಾಡಿಯಾಳು. ಒಲೆಯ ಕೆಲಸ ಮುಗಿದ ಮೇಲೆ ಕಟ್ಟೆ ಸಾರಿಸದೆ ಎದ್ದರೆ ತಾಯಿ ಬಿಡುತ್ತಾಳೆಯೇ?

ಆದರೆ ಗುಡಿಸಲು ಅವರು ಆರಿಸಿಕೊಂಡ ಆಜ್ಞೆಗೆ ಇನ್ನೊಂದು ಗುಣವಿತ್ತು. ಎರಡು ಸಂಖ್ಯೆಗಳನ್ನು ಹೋಲಿಸಿದಾಗ ಸಿಕ್ಕ ಉತ್ತರ ಯಾವ ಗೂಡಿನಲ್ಲೂ ಇರುವುದಿಲ್ಲ. ಪಕ್ಕದಲ್ಲಿ ಒಂದು ಬಾವುಟವಾಗಿ ನಿಂತಿರುತ್ತದೆ. ಮುಂದಿನ ಆಜ್ಞೆ ಆ ಬಾವುಟ ನೋಡಿ 'ಇದ್ದರೆ'ಯ ಕಡೆಗೋ 'ಇಲ್ಲದಿದ್ದರೆ'ಯ ಕಡೆಗೋ ಹೋಗಬೇಕು. ಗುಡಿಸುವ ಆಜ್ಞೆ ಗೂಡನ್ನು ಸೊನ್ನೆ ಮಾಡುವುದರ ಜೊತೆಗೆ, ಯಾರೂ ಕೇಳದಿದ್ದರೂ, ಆ ಬಾವುಟವನ್ನು 'ಸಮ' ಎನ್ನುವ ಕಡೆಗೆ ಹೊರಳಿಸುತ್ತಿತ್ತು. ಹೋಲಿಕೆ ಸರಿಯಾಗಿತ್ತು, ಗುಡಿಸಿದ್ದೂ ಸರಿಯಾಗಿತ್ತು. ನಡುವೆ ಉತ್ತರ ಕಸದೊಂದಿಗೆ ಹೋಗಿತ್ತು.

ಇದು ಈಗ ಹೇಳುವಾಗ ಸಲೀಸು. ಅವತ್ತು ಯಾರಿಗೂ ಗೊತ್ತಿರಲಿಲ್ಲ, ಕೇಳೋಣವೆಂದರೆ ಐದು ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಮೇಡಂ ಯಂತ್ರವನ್ನು ಒಂದೊಂದೇ ಆಜ್ಞೆ ನಡೆಸಿ ನಿಲ್ಲಿಸತೊಡಗಿದರು. ಒಂದು ಕೀಲಿ ಒತ್ತಿದರೆ ಒಂದು ಹೆಜ್ಜೆ. ಪ್ರತಿ ಹೆಜ್ಜೆಗೂ ಪರದೆಯ ತುಂಬ ಅಂಕಿಗಳು. ಅವನ್ನೆಲ್ಲ ಓದಿ ಮತ್ತೆ ಒಂದು ಹೆಜ್ಜೆ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಪಕ್ಕದ ಕೋಣೆಯಲ್ಲಿ ನನ್ನ ಟೈಪ್‌ರೈಟರುಗಳು ಕುಟ್ಟುತ್ತಿದ್ದವು. ನಾನು ಬಾಗಿಲಲ್ಲಿ ನಿಂತು ಆ ಬೆನ್ನನ್ನು ನೋಡುತ್ತಿದ್ದೆ. ಪೂಜೆಯಲ್ಲಿ ಕೂತವರ ಬೆನ್ನು ಎಂದು ಬರೆದು ಹೊಡೆದುಹಾಕಿದ್ದೇನೆ. ಪೂಜೆಯಲ್ಲಿ ಕೂತವರು ಏನನ್ನೋ ಬೇಡುತ್ತಿರುತ್ತಾರೆ. ಇವರು ಏನನ್ನೂ ಬೇಡುತ್ತಿರಲಿಲ್ಲ, ನೋಡುತ್ತಿದ್ದರು. ಅಷ್ಟು ಸಣ್ಣದನ್ನು ಅಷ್ಟು ಹೊತ್ತು ನೋಡಬಲ್ಲ ಮನುಷ್ಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಕೆಳಗಿನ ಮನೆಯಲ್ಲಿ ಗಲಾಟೆ. ಮನೆಯೊಡತಿ ಅಜ್ಜಿಯ ಅಳಿಯ ಹಡಗಲಿಗೆ ಹೊರಟಿದ್ದ. ಅವನು ಹೊಸ್ತಿಲು ದಾಟಿದ್ದೇ ತಡ, ಕೆಲಸದಾಕೆ ಕಸಬರಿಗೆ ಹಿಡಿದಿದ್ದಳು.

"ಏ ಖೋಡಿ, ಹೊಂಟಾವ ಇನ್ನಾ ಬಸ್‌ಸ್ಟ್ಯಾಂಡ್ ಮುಟ್ಟಿಲ್ಲ. ಬೆನ್ನಿಗೇ ಕಸ ಹೊಡಿತೀಯಲ್ಲ, ಅವ ಹೋದ ಕೆಲಸ ಆಗಬೇಕೋ ಬ್ಯಾಡೋ?"

"ನಿಮ್ಮಳಿಯ ಹಡಗಲಿ ಮುಟ್ಟಾತನಕ ನಾ ಇಲ್ಲೇ ಕುಂದ್ರಲೇನಬೇ? ನಂಗ ಇನ್ನಾ ಬ್ಯಾರೆ ಮನಿ ಅದಾವ."

"ಕುಂದ್ರು. ಚಾ ಕುಡಿ. ಕಸಕ್ಕೇನು ಕಾಲು ಬಂದಾವೇನು?"

ಮೇಡಂ ಕುರ್ಚಿಯಿಂದ ಎದ್ದರು. ಜೋರಾಗಿ ನಕ್ಕರು. "ಸರ, ಬಾವುಟ! ಹೊಂಟದ್ದು ಮುಟ್ಟೇ ಇಲ್ಲ, ನಾನು ಕಸ ಹೊಡದೀನಿ!"

ಎಷ್ಟೋ ಕಡೆ ನಾನು ಇದನ್ನು ಹೀಗೆಯೇ ಹೇಳಿದ್ದೇನೆ, ಕೇಳಿದವರೆಲ್ಲ ಮೆಚ್ಚಿದ್ದಾರೆ. ಅದಕ್ಕೇ ಈಗ ನನಗೆ ನಂಬಿಕೆ ಇಲ್ಲ. ಹಿಂದಿನ ಸಂಜೆಯೇ ಅವರು ಪರದೆಯ ಮೂಲೆಯಲ್ಲಿ ಬಾವುಟದ ಗುರುತಾಗಿದ್ದ ಎರಡಕ್ಷರ ಬದಲಾಗುವುದನ್ನು ಬೆರಳಿಟ್ಟು ತೋರಿಸಿದ್ದ ನೆನಪೂ ನನ್ನಲ್ಲಿದೆ. ಹಾಗಿದ್ದರೆ ಅಜ್ಜಿ ಕೊಟ್ಟದ್ದು ಉಪಾಯವನ್ನಲ್ಲ, ನಗುವನ್ನು ಮಾತ್ರ. ಅಥವಾ ನನ್ನಂಥವನಿಗೆ ವಿವರಿಸಲು ಒಂದು ಮಾತನ್ನು... ಯಾವುದು ಮೊದಲು ಎಂದು ಎಷ್ಟು ತಡಕಿದರೂ ಸಿಗುವುದಿಲ್ಲ.

ಆಮೇಲೆ ನಡೆದದ್ದು ಮಾತ್ರ ಖಚಿತ. ಸರಿಪಡಿಸಲು ಸುಲಭದ ದಾರಿಯೊಂದಿತ್ತು. ಗುಡಿಸುವ ಆ ಆಜ್ಞೆಯ ಬದಲು ಬಾವುಟ ಮುಟ್ಟದ ಇನ್ನೊಂದು ಆಜ್ಞೆ ಹಾಕಿದರೆ ಮುಗಿಯಿತು. ಹಾಕಿದರು. ಒಂದು, ನೂರು ಕೊಟ್ಟರೆ 'ಸಮ ಅಲ್ಲ' ಎಂದಿತು. ನಾನು ಚಪ್ಪಾಳೆ ತಟ್ಟಿದೆ. ಮೇಡಂ ಅದನ್ನು ತೆಗೆದುಹಾಕಿದರು.

"ಯಾಕ್ರಿ ಮೇಡಂ! ನಾಳೆ ಅವರು ಬರ್ತಾರ."

"ಇದೊಂದು ಸಿಕ್ತು ಸರ. ಉಳಿದ ಆಜ್ಞೆಗಳು ಹೇಳದ ಕೇಳದ ಇನ್ನೇನೇನು ಕೆಡಿಸ್ತಾವೋ? ನಾಳೆ ಆ ಹುಡುಗ್ಯಾರು ಬರೆದದ್ದು ತಪ್ಪಿದ್ರ, ತಪ್ಪು ತಮ್ಮದ ಅಂತ ತಿಳಕೊಂತಾರ. ನನ್ನ ಮ್ಯಾಲೆ ಅನುಮಾನನ ಬರಲ್ಲ ಅವಕ್ಕ."

ಅವರು ಕಂಪೈಲರ್ ಬಳಸುವ ಪ್ರತಿ ಆಜ್ಞೆಯನ್ನೂ ಒಂದೊಂದಾಗಿ ವಿಚಾರಿಸಿದರು. ಹೇಳಿದ ಕೆಲಸ ಬಿಟ್ಟು ನೀನು ಇನ್ನೇನು ಮಾಡುತ್ತೀ, ಯಾರ ಗೂಡಿಗೆ ಕೈಹಾಕುತ್ತೀ, ಬಾವುಟ ಮುಟ್ಟುತ್ತೀಯೋ ಇಲ್ಲವೋ. ಅದನ್ನೆಲ್ಲ ಕಂಪೈಲರಿಗೇ ಕಲಿಸಿದರು. ಇನ್ನು ಮುಂದೆ, ಕೇಳಿದ ಪ್ರಶ್ನೆಯ ಉತ್ತರ ತಲುಪಬೇಕಾದಲ್ಲಿಗೆ ತಲುಪುವ ತನಕ ಅದು ಏನನ್ನೂ ಗುಡಿಸುವುದಿಲ್ಲ. ತಲುಪಿದ ಮೇಲೆ 'ಇದ್ದರೆ'ಯ ಮನೆಯಲ್ಲೂ ಗುಡಿಸುತ್ತದೆ, 'ಇಲ್ಲದಿದ್ದರೆ'ಯ ಮನೆಯಲ್ಲೂ ಗುಡಿಸುತ್ತದೆ. ಮಧ್ಯಾಹ್ನ ಕರೆಂಟು ಹೋಯಿತು. ಸಂಜೆ ಬಂತು. ಮರುದಿನ ಕಾರ್ಯದರ್ಶಿ ಮೆಟ್ಟಿಲು ಹತ್ತುವಾಗಲೂ ಅವರು ಕೊನೆಯ ಸಾಲು ಒತ್ತುತ್ತಿದ್ದರು. ಒಮ್ಮೆಯೂ ನಡೆಸಿ ನೋಡಿರಲಿಲ್ಲ.

ಕಾರ್ಯದರ್ಶಿ ತಮ್ಮ ವಯಸ್ಸು ಒತ್ತಿದರು, ಹೆಂಡತಿಯದು ಒತ್ತಿದರು. 'ಸಮ ಅಲ್ಲ'. ಚೀಲದ ತೂಕ, ತಮ್ಮದು. 'ಸಮ ಅಲ್ಲ'. ಏಳು, ಏಳು. 'ಎರಡೂ ಸಮ'.

"ಈಗ ಸಂಸಾರಕ್ಕ ಬಂತು ನೋಡ್ರಿ ಮಷೀನು" ಎಂದರು ಅವರು. ಲಗ್ನಪತ್ರಿಕೆಯ ಸುದ್ದಿ ಎತ್ತಲಿಲ್ಲ.

ಕನ್ನಡದ ಬ್ಯಾಚ್ ನಡೆಯಿತು. ಪ್ರಿಂಟಿಗೆ ಕಾದು ಕೂತಿದ್ದ ಹುಡುಗಿಯೂ 'ತೋರಿಸು' ಎಂದು ಬರೆದು, ಪರದೆ ತೋರಿಸಿದ್ದನ್ನು ನೋಡಿದಳು. ನಾನು ಅದಾದ ಮೇಲೆ ಪುಸ್ತಕಗಳನ್ನು ಬರೆದೆ. ನನ್ನ ಒಂದು ವಾಕ್ಯ ಓದುವವರೊಳಗೆ ಹೋಗಿ, ಹೇಳಿದ್ದನ್ನಷ್ಟೇ ಮಾಡಿ, ಹೇಳದ್ದೇನನ್ನೂ ಕೆಡಿಸದೆ ಹೊರಬಂದದ್ದು ನನಗೆ ಗೊತ್ತಿಲ್ಲ. ಆ ಮಹಡಿಯಲ್ಲಿ ಕೆಲವು ಕಾಲ ಅದು ದಿನವೂ ನಡೆಯುತ್ತಿತ್ತು. ಆಮೇಲೆ ಯಂತ್ರ ಹಳತಾಯಿತು, ಕೇಂದ್ರ ಮುಚ್ಚಿತು, ನಾನು ಬೇರೆ ಊರು ಹಿಡಿದೆ...

ಹೊಸಪೇಟೆಯಿಂದ ಬಂದ ವಾರದಲ್ಲಿ, ಅವರಿವರನ್ನು ಕೇಳಿ ಅರಸೀಕೆರೆಯಲ್ಲಿರುವ ಮೇಡಂ ಅವರ ತಂಗಿಯ ನಂಬರ್ ಸಂಪಾದಿಸಿ ಫೋನ್ ಮಾಡಿದೆ. ಕಸಬರಿಗೆಯೋ ಪರದೆಯೋ, ಯಾವುದು ಮೊದಲು ಎಂದು ಕೇಳಬೇಕಿತ್ತು.

"ಅಕ್ಕ ಇಲ್ಲರಿ. ತೀರಿಕೊಂಡು ಭಾಳ ದಿನ ಆತು" ಎಂದರು ತಂಗಿ. ಅವರೇ ಮುಂದುವರಿಸಿದರು. ಅಕ್ಕ ಕೊಟ್ಟೂರಿನಿಂದ ತಂದಿಟ್ಟಿದ್ದ ಚೌಕನೆಯ ಫ್ಲಾಪಿಗಳು ಬೂಸ್ಟು ಹಿಡಿದು ಹೋದವಂತೆ. "ಕೊಟ್ಟೂರಾಗ ಏನೋ ಮಾಡಿದ್ಲು ಅಂತ ಮಂದಿ ಅಂತಿದ್ರು. ಆಕಿ ಮನ್ಯಾಗ ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ಲ. ನೀವು ಜೊತಿಗಿದ್ರಲ್ಲ, ನೀವರ ಹೇಳ್ರಿ. ಏನು ಮಾಡಿದ್ಲು ನಮ್ಮಕ್ಕ?"

ಬಾವುಟ, ಗೂಡು, ಎರಡು ಮನೆ ಎಂದೆಲ್ಲ ಬಾಯಿಗೆ ಬಂತು. ಎಲ್ಲಿಂದ ಶುರು ಮಾಡಲಿ?

"ಕಂಪ್ಯೂಟರಿಗೆ ಕನ್ನಡ ಕಲಿಸಿದ್ರಮ್ಮ" ಎಂದೆ.

"ಹೌದೇನ್ರಿ!" ಎಂದರು. ಅಲ್ಲೇ ಯಾರಿಗೋ ಕೂಗಿ ಅದನ್ನೇ ಹೇಳಿದರು. ಯಂತ್ರಕ್ಕ ಯಾವ ಭಾಷಾನೂ ಬರಂಗಿಲ್ಲ ಸರ, ಅಷ್ಟು ಉದ್ದದ ಸುಳ್ಳು ಹೇಳಬ್ಯಾಡ್ರಿ ಎಂದು ತಿದ್ದಲು ಮೇಡಂ ಇರಲಿಲ್ಲ. ನಾನೂ ತಿದ್ದಲಿಲ್ಲ.