ಹೊಲಿಗೆಯಮ್ಮ ನೋಡುತ್ತಿದ್ದುದು ಏನನ್ನು?

ಬೀಗ ರಿಪೇರಿ ಮಾಡುವ ಬೀಗದಪ್ಪನ ತಲೆಗೆ ಒಂದು ಹುಳ ಹೊಕ್ಕಿತ್ತು. ಪಕ್ಕದ ಮನೆಯ ಹೊಲಿಗೆಯಮ್ಮ ದಿನವಿಡೀ ಕಿಟಕಿಯಿಂದ ನೋಡುವುದಾದರೂ ಏನನ್ನು?

ಮುಚ್ಚಿದ ಡಬ್ಬಿ ಕಂಡರೆ ಒಳಗೇನಿದೆ ಎಂದು ತಿಳಿಯುವವರೆಗೆ ಈ ಮನುಷ್ಯನಿಗೆ ಊಟ ಸೇರದು. ಆದರೆ ತನ್ನ ಮನೆಯತ್ತ ಯಾರಾದರೂ ಕಣ್ಣೆತ್ತಿದರೆ ಮೈಯೆಲ್ಲ ಉರಿ. ಆಕೆಯ ಮಿಷನ್ನು ಇದ್ದದ್ದು ಕಿಟಕಿಯ ಪಕ್ಕದಲ್ಲೇ. ನಾಲ್ಕು ಹೊಲಿಗೆ ಹಾಕುವುದು, ತಲೆಯೆತ್ತಿ ಇವನ ಅಂಗಳದ ಕಡೆ ನೋಡುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ತನ್ನನ್ನೇ ನೋಡುತ್ತಾಳೆಂದು ತೀರ್ಮಾನಿಸಿದ ಬೀಗದಪ್ಪ ಬೇಲಿಗಿಡ ನೆಟ್ಟು, ನೀರು ಗೊಬ್ಬರ ಹಾಕಿ ಮಗುವಿನಂತೆ ಸಾಕಿದ. ಬೇಲಿ ಆಳೆತ್ತರ ದಾಟಿತು. ಹೊಲಿಗೆಯಮ್ಮ ಬಂದು ಕತ್ತರಿಸಿ ಎಂದು ಕೇಳಿದಳು. ಯಾಕೆಂದು ಮಾತ್ರ ಹೇಳಲಿಲ್ಲ. ಈತ ಜಪ್ಪಯ್ಯ ಅನ್ನಲಿಲ್ಲ. ಗಾಳಿ ಬೆಳಕು ತಡೆದಿದ್ದಾನೆಂದು ಆಕೆ ಕೇಸು ಹಾಕಿಯೇಬಿಟ್ಟಳು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಬೀಗದಪ್ಪನ ಹೆಂಡತಿ ಹಣೆ ಚಚ್ಚಿಕೊಂಡಳು. ಕೇಳುವವರು ಯಾರು? ವಿಚಾರಣೆ ಇದ್ದಾಗಲೆಲ್ಲ ಹೊಲಿಗೆಯಮ್ಮ ಗಂಡನನ್ನೂ ಕರೆತರುತ್ತಿದ್ದಳು. ಇಸ್ತ್ರಿ ಅಂಗಿಯ ಆ ಬಿಳಿತಲೆಯ ಮನುಷ್ಯ ಪ್ರತಿ ಸಲವೂ ಬೀಗದಪ್ಪನ ಪಕ್ಕ ಕೂತು, ನಿಮ್ಮದೇನು ಕೇಸು ಎಂದು ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಗಂಡ ಹೆಂಡತಿ ಸೇರಿ ಗೇಲಿ ಮಾಡುತ್ತಿದ್ದಾರೆಂದು ಈತ ಹಲ್ಲು ಕಡಿಯುತ್ತಿದ್ದ.

ಸ್ಥಳ ನೋಡಿಬರಲು ಕೋರ್ಟು ಒಬ್ಬ ವಕೀಲರನ್ನು ಕಳಿಸಿತು. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಬರಲಾಗದ ಆಸಾಮಿ. ಮಿಷನ್ನಿನ ಸ್ಟೂಲಿನ ಮೇಲೆ ತಾವೇ ಕೂತು, ತಮ್ಮ ಕಣ್ಣಿನ ಮಟ್ಟಕ್ಕೆ ಬೇಲಿಗೆ ಗುರುತು ಹಾಕಿಸಿದರು. ತೀರ್ಪೂ ಹಾಗೇ ಬಂತು. ಬೀಗದಪ್ಪ ದಾರ ಕಟ್ಟಿ, ಗುರುತಿಗಿಂತ ಒಂದು ಎಲೆ ಹೆಚ್ಚಿಲ್ಲದಂತೆ ಕತ್ತರಿಸಿದ. ಹೊಲಿಗೆಯಮ್ಮ ಗೆದ್ದಳು. ಆದರೆ ಆಕೆಯೋ ಕುಳ್ಳಿ! ಸ್ಟೂಲಿನ ಮೇಲೆ ಕೂತರೆ ಬರೀ ಎಲೆ. ಸ್ಟೂಲು ಎತ್ತರಿಸಿದರೆ ಪೆಡಲಿಗೆ ಕಾಲು ಎಟುಕದು.

ಆಮೇಲೆಯೂ ಮಿಷನ್ನು ನಿಂತು ನಿಂತು ಓಡುತ್ತಿತ್ತು. ಆಕೆ ಎದ್ದು ಗೇಟಿನವರೆಗೆ ಓಡುವುದು, ಮತ್ತೆ ಬಂದು ಕೂರುವುದು. ನೋಡಿ ನೋಡಿ ತಡೆಯಲಾರದೆ ಬೀಗದಪ್ಪ ಒಂದು ದಿನ ಆಕೆಯ ಬಾಗಿಲು ತಟ್ಟಿದ.

"ಅಕ್ಕಾ, ಗೆದ್ದಿದ್ದು ನೀವೇ. ಇನ್ನಾದ್ರೂ ಹೇಳಿ, ನಮ್ಮನೇಲಿ ಅಂಥಾದ್ದೇನು ನೋಡ್ತೀರಿ?"

"ನಿಮ್ಮನೇನ ಯಾರು ನೋಡ್ತಾರಪ್ಪ?" ಎಂದಳು ಆಕೆ. "ನಿಮ್ಮ ಅಂಗಳದಾಚೆ ತಿರುವಲ್ಲಿ ಕಲ್ಲುಬೆಂಚಿದೆಯಲ್ಲ, ನಮ್ಮನೆಯವರು ಅಲ್ಲಿ ಕೂತಿರ್ತಾರೆ. ಎದ್ದು ಹೊರಟ್ರೆ ಅವರಿಗೆ ಮನೆ ದಾರಿ ಗೊತ್ತಾಗಲ್ಲ."

ಬೀಗದಪ್ಪನಿಗೆ ಈಗ ಹೊಳೆಯಿತು. ಕೋರ್ಟಿನಲ್ಲಿ ಆ ಹಿರಿಯರು ಕೇಳಿದ್ದು ಗೇಲಿಯಲ್ಲ, ನಿಜವಾಗಿಯೂ ಕೇಳಿದ್ದು. ಜಡ್ಜಿನ ಮುಂದಾದರೂ ಹೇಳಬಹುದಿತ್ತಲ್ಲ ಎಂದು ತೊದಲಿದ.

"ಅವರು ಅಲ್ಲೇ ಕೂತಿರ್ತಿದ್ರಲ್ಲ. ಅವರ ಎದುರಿಗೇ ಹೇಗೆ ಹೇಳಲಿ?"

ನಾಚಿಕೆಯಿಂದ ಮುಖವೆತ್ತಲಾಗದೆ ಆತ ಮನೆಗೆ ಹೋಗಿ ಬೇಲಿ ಕತ್ತರಿ ತಂದ. ಸ್ಟೂಲಿನ ಮೇಲೆ ಕೂತು ನೋಡುತ್ತಿರಿ ಎಂದು ಆಕೆಗೆ ಹೇಳಿ, ತಾನೇ ಸಾಕಿದ ಬೇಲಿಯನ್ನು ಎದೆಮಟ್ಟಕ್ಕೆ, ಅಲ್ಲಿಂದ ಸೊಂಟದ ಮಟ್ಟಕ್ಕೆ ಇಳಿಸಿದ. ಬೆಂಚು ಕಾಣಿಸಿತೇ ಎಂದು ಕೂಗಿ ಕೇಳಿದ.

"ಬೆಂಚು ಕಾಣಿಸ್ತು," ಎಂದಿತು ಕಿಟಕಿಯೊಳಗಿನ ದನಿ. "ಅವರಿಲ್ಲ."

ಬೀಗದಪ್ಪ ಕತ್ತರಿ ಎಸೆದು ಓಡಿದ. ತಿರುವು ದಾಟಿ, ದೊಡ್ಡ ರಸ್ತೆಯ ಅಂಚಿನಲ್ಲಿ ಅತ್ತ ಇತ್ತ ನೋಡುತ್ತ ನಿಂತಿದ್ದರು ಆ ಹಿರಿಯರು. ಏದುಸಿರು ಬಿಡುತ್ತಲೇ ಹೋಗಿ ಕೈ ಹಿಡಿದುಕೊಂಡ. ಅವರು ಇವನ ಮುಖವನ್ನೇ ದಿಟ್ಟಿಸಿ, ಯಾರಪ್ಪಾ ನೀನು ಎಂದು ಕೇಳಿದರು.

"ನಿಮ್ಮ ಪಕ್ಕದ ಮನೆಯವನು. ಬನ್ನಿ, ಮನೆಗೆ ಹೋಗೋಣ."

"ಹೌದಾ? ಒಳ್ಳೇ ನೆರೆಮನೆಯವರು ಸಿಗೋಕೂ ಪುಣ್ಯ ಮಾಡಿರಬೇಕು ನೋಡು," ಎಂದರು ಅವರು.

ಬೀಗದಪ್ಪ ತಲೆ ತಗ್ಗಿಸಿಕೊಂಡೇ ನಡೆದ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.